ಕ್ಯಾಂಪರ್ ವ್ಯಾನ್‌ಗೆ ಬ್ಯಾಟರಿ ತರುವವರೇ, ಸ್ಟಿಕ್ಕರ್ ನಂಬಬೇಡಿ

ಮೈಸೂರು, ಮಂಡ್ಯ ಕಡೆ ಟಿಟಿ (ಟೆಂಪೋ ಟ್ರಾವೆಲರ್) ಗಾಡಿಯನ್ನು ಕ್ಯಾಂಪರ್ ವ್ಯಾನ್ ಮಾಡಿಸಿಕೊಂಡವರು ಈಗ ಅಲ್ಲಲ್ಲಿ ಸಿಗುತ್ತಾರೆ. ಒಳಗೆ ಮಲಗೋಕೆ ಜಾಗ, ಪುಟ್ಟ ಅಡುಗೆ ಕಟ್ಟೆ, ಫ್ರಿಜ್, ಮೇಲೆ ಸೋಲಾರ್ ಪ್ಯಾನೆಲ್. ಇಷ್ಟಕ್ಕೂ ಕರೆಂಟ್ ಕೊಡೋದು ಇಂಜಿನ್ ಬ್ಯಾಟರಿ ಅಲ್ಲ, ಸೀಟಿನ ಕೆಳಗಿರುವ ಎರಡನೇ ಬ್ಯಾಟರಿ. ಆ ಬ್ಯಾಟರಿ ಹಳೇದಾಗಿ ಹೊಸದು ತರೋಕೆ ಹೊರಟಿದ್ದರೆ, ಅಂಗಡಿಗೆ ಹೋಗುವ ಮುಂಚೆ ದಯವಿಟ್ಟು ಇದನ್ನು ಓದಿ. "ಲಿಥಿಯಂ, 12 ವೋಲ್ಟ್, 100 ಎಎಚ್" ಅಂತ ಸ್ಟಿಕ್ಕರ್ ಅಂಟಿಸಿದ ಡಬ್ಬ ಕೊಟ್ಟು ನಮಗೆ ಮೋಸ ಮಾಡಿದ್ದಾರೆ. ಎಎಚ್ ಅಂದರೆ ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಕರೆಂಟ್ ಹಿಡಿದಿಡುತ್ತೆ ಅನ್ನೋ ಅಳತೆ. ದುಡ್ಡು ಹೋಗಿದ್ದು ಒಂದು ಕಡೆ. ಅಪ್ಪನ ಇನ್ಸುಲಿನ್ ಇಟ್ಟಿದ್ದ ಫ್ರಿಜ್ ನಡುರಾತ್ರಿ ನಿಂತುಹೋಯಿತಲ್ಲ, ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ನಮ್ಮ ವ್ಯಾನಿನಲ್ಲಿ ಮೊದಲು ಇದ್ದದ್ದು 100 ಎಎಚ್‌ನ ಎಸ್‌ಎಂಎಫ್ ಬ್ಯಾಟರಿ. ಆಸ್ಪತ್ರೆ, ಬ್ಯಾಂಕುಗಳ ಯುಪಿಎಸ್‌ನಲ್ಲಿ ಹಾಕ್ತಾರಲ್ಲ, ನೀರು ಹಾಕುವ ಕೆಲಸವಿಲ್ಲದ ಸೀಸದ ಬ್ಯಾಟರಿ, ಅದೇ. ಅದು ಚಾರ್ಜ್ ಹಿಡಿಯೋದು ಬಿಟ್ಟಿತ್ತು. ಮೈಸೂರಿನದೇ ಒಂದು ಬ್ಯಾಟರಿ ಅಂಗಡಿಗೆ ಹೋದೆವು. ಅಂಗಡಿಯವರು ಲಿಥಿಯಂ ತೋರಿಸಿದರು. ಹೆಸರಾಂತ ಕಂಪನಿಗಳದ್ದರ ಅರ್ಧ ಬೆಲೆ. "ಸರ್, ಏನೂ ಯೋಚನೆ ಮಾಡ್ಬೇಡಿ. ಹಳೇದು ತೆಗೀರಿ, ಅದೇ ಜಾಗದಲ್ಲಿ ಇದು ಕೂರಿಸಿ, ಅದೇ ವೈರ್ ಕೊಡಿ, ಅಷ್ಟೇ" ಅಂದರು. ಸಾವಿರ ವ್ಯಾಟ್ ಇನ್ವರ್ಟರ್ ಇದೆ, ನಡೆಯುತ್ತಾ ಅಂತ ಕೇಳಿದೆವು. "ಆರಾಮಾಗಿ" ಅಂದರು. ಗಾಡಿ ಓಡುವಾಗ ಇಂಜಿನ್ ಬೆಲ್ಟ್‌ನಿಂದ ತಿರುಗಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್‌ನಿಂದ ಚಾರ್ಜ್ ಆಗುತ್ತೆ, ಅದಕ್ಕೆ ಬೇರೆ ಏನಾದರೂ ಹಾಕಿಸಬೇಕಾ ಅಂತಲೂ ಕೇಳಿದೆವು. "ಒಳಗೆ ಬಿಎಂಎಸ್ ಇದೆ ಸರ್, ಎಲ್ಲ ಅದೇ ನೋಡಿಕೊಳ್ಳುತ್ತೆ" ಅಂದರು. ಬಿಎಂಎಸ್ ಅಂದರೆ ಮಿತಿ ಮೀರಿದರೆ ಕರೆಂಟ್ ಕಟ್ ಮಾಡಿ ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್. ಬಿಲ್ ಕೊಡಿ ಅಂದಾಗ 18% ಜಾಸ್ತಿ ಆಗುತ್ತೆ ಅಂತ ಸ್ವಲ್ಪ ಎಳೆದಾಡಿದರು. ಅಮ್ಮ ಪಟ್ಟು ಬಿಡಲಿಲ್ಲ. ಬಿಲ್ ಕೈಗೆ ಬಂತು. ಇವತ್ತು ನಮ್ಮ ಹತ್ತಿರ ಇರುವ ಗಟ್ಟಿ ದಾಖಲೆ ಅದೊಂದೇ.

ಕೊನೆಗೆ ಮಲ್ಟಿಮೀಟರ್ ಇಟ್ಟು "ನೋಡಿ, 13.2, ಫುಲ್ ಇದೆ" ಅಂತ ತೋರಿಸಿದರು. ಇದನ್ನು ಯಾರಾದರೂ ನಿಮಗೂ ತೋರಿಸಿದರೆ ತಲೆಯಾಡಿಸಿ ಸುಮ್ಮನಾಗಬೇಡಿ. ಸೀಸದ ಬ್ಯಾಟರಿಯಲ್ಲಿ ವೋಲ್ಟೇಜ್ ನೋಡಿ ಒಂದು ಅಂದಾಜು ಮಾಡಬಹುದು. ಲೋಡ್ ಇಲ್ಲದೆ ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ 12.7 ಇದ್ದರೆ ತುಂಬಿದೆ, 12.2 ಇದ್ದರೆ ಹೆಚ್ಚುಕಡಿಮೆ ಅರ್ಧ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಅನ್ನೋ ಜಾತಿಯ ಲಿಥಿಯಂನಲ್ಲಿ ಹಾಗಲ್ಲ. ತುಂಬಿದ್ದು ಮುಕ್ಕಾಲು ಇಳಿಯುವವರೆಗೂ ವೋಲ್ಟೇಜ್ 13ರ ಆಚೀಚೆಯೇ ನಿಂತಿರುತ್ತೆ. ಒಳಗೆ ಎಷ್ಟು ಇದೆ ಅನ್ನೋದನ್ನು ಮಲ್ಟಿಮೀಟರ್ ಹೇಳೋದೇ ಇಲ್ಲ.

ಹುಣಸೂರು, ಕುಶಾಲನಗರ ದಾಟಿ ಭಾಗಮಂಡಲಕ್ಕೆ ಹೊರಟೆವು. ಬೆಳಗ್ಗೆ ತಲಕಾವೇರಿಗೆ ಹೋಗೋದು ಅಂತ ಲೆಕ್ಕ. ಘಾಟಿ ಹತ್ತುವಾಗ ರಬ್ಬರ್ ಸುಟ್ಟ ವಾಸನೆ ಬರೋಕೆ ಶುರುವಾಯಿತು. ಮಡಿಕೇರಿಯಲ್ಲಿ ಒಬ್ಬ ಮೆಕ್ಯಾನಿಕ್ ಬಾನೆಟ್ ಎತ್ತಿ ಆಲ್ಟರ್ನೇಟರ್ ಹತ್ತಿರ ಕೈ ಹಿಡಿದವರು ತಕ್ಷಣ ಹಿಂದಕ್ಕೆ ಎಳೆದುಕೊಂಡರು. ಬೆಲ್ಟ್ ಜಾರಿ ಜಾರಿ ಹೊಳಪು ಬಂದಿತ್ತು. "ಎರಡನೇ ಬ್ಯಾಟರಿ ವೈರ್ ಬಿಚ್ಚಿಬಿಡಿ ಸರ್, ಇಲ್ಲಾಂದ್ರೆ ಇದು ಹೋಗುತ್ತೆ" ಅಂದರು. ಬಿಚ್ಚಿಸಿದೆವು. ಭಾಗಮಂಡಲದಲ್ಲಿ ಗಾಡಿ ನಿಲ್ಲಿಸಿ ಅಮ್ಮ ಚಟ್ನಿಗೆ ಮಿಕ್ಸಿ ಹಾಕಿದ ಕೂಡಲೇ ಇಡೀ ವ್ಯಾನ್ ಕತ್ತಲೆ. ಇನ್ವರ್ಟರ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಬಂತು. ಆಮೇಲೆ ಫ್ರಿಜ್ ಮತ್ತು ಒಂದು ಲೈಟ್ ಬಿಟ್ಟು ಬೇರೇನೂ ಹಾಕಲಿಲ್ಲ. ಆದರೂ ಬೆಳಗ್ಗೆ ಏಳುವಷ್ಟರಲ್ಲಿ ಫ್ರಿಜ್ ಸತ್ತಿತ್ತು, ಒಳಗಿನ ಐಸ್ ಪ್ಯಾಕ್ ಪೂರ್ತಿ ನೀರಾಗಿತ್ತು. ಬಳಸದೆ ಇಟ್ಟ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಎಷ್ಟು ಹೊತ್ತು ಬೆಚ್ಚಗಿತ್ತೋ ಗೊತ್ತಿಲ್ಲದ ಔಷಧಿಯನ್ನು ಅಪ್ಪನಿಗೆ ಕೊಡುವ ಧೈರ್ಯ ಯಾರಿಗೂ ಬರಲಿಲ್ಲ. ತಲಕಾವೇರಿ ಬಿಟ್ಟು ಮತ್ತೆ ಮಡಿಕೇರಿಗೆ ಬಂದು ಹೊಸ ಇನ್ಸುಲಿನ್ ಕೊಂಡೆವು.

ವಾಪಸ್ ಬಂದ ಮೇಲೆ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬ್ಯಾಟರಿ ರಿಪೇರಿ ಮಾಡುವ ಒಬ್ಬರ ಹತ್ತಿರ ಪ್ಯಾಕ್ ತೆಗೆದುಕೊಂಡು ಹೋದೆ. ಅವರು ಮೊದಲು ಮಾಡಿದ್ದು ತೂಕ. 100 ಎಎಚ್ ಎಲ್‌ಎಫ್‌ಪಿ ಬ್ಯಾಟರಿ ಸಾಮಾನ್ಯವಾಗಿ 10ರಿಂದ 12 ಕೆಜಿ ಬರುತ್ತೆ. ನಮ್ಮದು 7 ಕೆಜಿ ಕೂಡ ಇರಲಿಲ್ಲ. ಆಮೇಲೆ ಫುಲ್ ಚಾರ್ಜ್ ಮಾಡಿ, 55 ವ್ಯಾಟ್‌ನ ಎರಡು ಹೆಡ್‌ಲೈಟ್ ಬಲ್ಬ್ ಕಟ್ಟಿ ಉರಿಸಿದರು. ಎರಡೂ ಸೇರಿ 9 ಆಂಪಿಯರ್ ಆಸುಪಾಸು ಎಳೆಯುತ್ತವೆ. ನಿಜವಾಗಿ 100 ಎಎಚ್ ಇದ್ದಿದ್ದರೆ ಸುಮಾರು 11 ಗಂಟೆ ಉರಿಯಬೇಕಿತ್ತು. 5 ಗಂಟೆಗೆ ಆರಿಹೋಯಿತು. ಅಂದರೆ ಸಿಕ್ಕಿದ್ದು 45 ಎಎಚ್. ಇಡೀ ಪರೀಕ್ಷೆಯನ್ನು ಗಡಿಯಾರ, ಮೀಟರ್ ಎರಡೂ ಕಾಣುವ ಹಾಗೆ ವಿಡಿಯೋ ಮಾಡಿಕೊಂಡೆ.

ನಮ್ಮ ಪ್ಯಾಕ್ ಬಿಚ್ಚಲಿಲ್ಲ. ಬಿಚ್ಚಬೇಕಾಗಿಯೂ ಬರಲಿಲ್ಲ. ಅದೇ ಸ್ಟಿಕ್ಕರ್ ಇದ್ದ ಇನ್ನೊಂದು ಪ್ಯಾಕ್, ಯಾರೋ ರಿಪೇರಿಗೆ ಕೊಟ್ಟಿದ್ದು, ಅವರ ಟೇಬಲ್ ಮೇಲೆ ಬಿಚ್ಚಿಟ್ಟಿತ್ತು. ಒಳಗೆ ದಪ್ಪ ಟಾರ್ಚ್ ಸೆಲ್‌ನಂಥ ಉರುಟು ಸೆಲ್‌ಗಳು, 32700 ಅನ್ನೋ ಸೈಜ್. ಒಂದೊಂದೂ 3.2 ವೋಲ್ಟ್, ಹೊಸದಾಗಿದ್ದರೆ 6 ಎಎಚ್. 100 ಎಎಚ್ ಆಗಬೇಕಾದರೆ ಒಂದು ಸಾಲಿಗೆ 17ರಂತೆ ನಾಲ್ಕು ಸಾಲು, ಒಟ್ಟು 68 ಸೆಲ್ ಬೇಕು. ಅಲ್ಲಿದ್ದದ್ದು 40. ಎಲ್ಲ ಹೊಸದೇ ಆಗಿದ್ದರೂ 60 ದಾಟುತ್ತಿರಲಿಲ್ಲ. ಹೊಸದೂ ಅಲ್ಲ. ಸೆಲ್‌ಗಳ ತುದಿಯಲ್ಲಿ ಈಗಿನ ನಿಕಲ್ ಪಟ್ಟಿಯ ಪಕ್ಕದಲ್ಲೇ ಹಳೇ ಪಟ್ಟಿ ಕಿತ್ತ ಬೆಸುಗೆಯ ಚುಕ್ಕಿಗಳು ಹಾಗೇ ಉಳಿದಿದ್ದವು. ಎಲ್ಲೋ ಒಂದು ಸಲ ದುಡಿದು ಮುಗಿಸಿದ ಸೆಲ್‌ಗೆ ನೀಲಿ ಪ್ಲಾಸ್ಟಿಕ್ ಕವಚ ತೊಡಿಸಿ ಹೊಸದು ಅಂತ ಮಾರುತ್ತಿದ್ದಾರೆ. ಉಳಿದ ಜಾಗಕ್ಕೆ ಥರ್ಮಾಕೋಲ್ ತುಂಬಿದ್ದರು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

ಆ ಪ್ಯಾಕಿನ ಬಿಎಂಎಸ್ ಮೇಲೆ 50 ಆಂಪಿಯರ್ ಅಂತ ಬರೆದಿತ್ತು. ಮಿಕ್ಸಿಗೆ ವ್ಯಾನ್ ಕತ್ತಲಾದದ್ದು ಯಾಕೆ ಅಂತ ಆಗ ಅರ್ಥವಾಯಿತು. 50 ಆಂಪಿಯರನ್ನು 12.8 ವೋಲ್ಟ್‌ನಿಂದ ಗುಣಿಸಿದರೆ 640 ವ್ಯಾಟ್. ಮಿಕ್ಸಿ ಶುರುವಾಗುವ ಆ ಕ್ಷಣ ಅದರ ಮೇಲೆ ಬರೆದಿರುವ ವ್ಯಾಟ್‌ಗಿಂತ ಬಹಳ ಜಾಸ್ತಿ ಎಳೆಯುತ್ತೆ. ಸಾವಿರ ವ್ಯಾಟ್ ಇನ್ವರ್ಟರ್ ಪೂರ್ತಿ ದುಡಿಯಬೇಕಾದರೆ ಅದರ ನಷ್ಟವೂ ಸೇರಿ 90 ಆಂಪಿಯರ್ ಹತ್ತಿರ ಬೇಕು. ಕಡಿಮೆ ಅಂದರೂ 100 ಆಂಪಿಯರ್‌ನ ಬಿಎಂಎಸ್ ಇರಲೇಬೇಕು. ಎಎಚ್ ಎಷ್ಟು ಅಂತ ಎಲ್ಲರೂ ಕೇಳ್ತೀವಿ. ಬಿಎಂಎಸ್ ಎಷ್ಟು ಆಂಪಿಯರ್ ಅನ್ನೋದನ್ನೂ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ. ಬರೆಯೋಕೆ ಹಿಂದೆ ಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಆಲ್ಟರ್ನೇಟರ್ ವಿಷಯ ಇನ್ನೂ ಗಂಭೀರ. ಸೀಸದ ಬ್ಯಾಟರಿ ಚಾರ್ಜ್ ಆಗ್ತಾ ಆಗ್ತಾ ತಾನೇ ಕರೆಂಟ್ ಕಡಿಮೆ ಎಳೆಯುತ್ತೆ. ಲಿಥಿಯಂ ಹಾಗಲ್ಲ, ತುಂಬುವವರೆಗೂ ಕೊಟ್ಟಷ್ಟೂ ಎಳೆಯುತ್ತೆ. ಗಾಡಿಯ ಆಲ್ಟರ್ನೇಟರ್ ಹೀಗೆ ಗಂಟೆಗಟ್ಟಲೆ ಪೂರ್ತಿ ಲೋಡ್‌ನಲ್ಲಿ ದುಡಿಯೋಕೆ ಮಾಡಿದ್ದಲ್ಲ. ಘಾಟಿಯಲ್ಲಿ ನಿಧಾನಕ್ಕೆ ಹೋಗುವಾಗ ಗಾಳಿಯೂ ಸಾಲದೆ ಕಾದುಬಿಡುತ್ತೆ. ಇದಕ್ಕೇ ಡಿಸಿ-ಡಿಸಿ ಚಾರ್ಜರ್ ಅಂತ ಇರೋದು. ಆಲ್ಟರ್ನೇಟರ್ ಮತ್ತು ಬ್ಯಾಟರಿ ನಡುವೆ ಕೂತು 20 ಅಥವಾ 30 ಆಂಪಿಯರ್ ಮಾತ್ರ ಬಿಡುತ್ತೆ. ಇನ್ನೊಂದು ಅಪಾಯವೂ ಇದೆ. ಚಾರ್ಜ್ ಆಗ್ತಿರುವಾಗ ಬಿಎಂಎಸ್ ಏಕಾಏಕಿ ಕಟ್ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಆಲ್ಟರ್ನೇಟರ್‌ನ ಡಯೋಡ್ ಸುಟ್ಟುಹೋಗಬಹುದು. "ಅದೇ ವೈರ್ ಕೊಡಿ" ಅನ್ನುವ ಅಂಗಡಿಯವರು ಇದ್ಯಾವುದನ್ನೂ ಹೇಳೋದಿಲ್ಲ. ಸೋಲಾರ್ ಕಂಟ್ರೋಲರ್‌ನಲ್ಲೂ ಸೀಸದ ಸೆಟ್ಟಿಂಗ್ ತೆಗೆದು ಎಲ್‌ಎಫ್‌ಪಿ ಸೆಟ್ಟಿಂಗ್ ಹಾಕಬೇಕು. 14.6 ವೋಲ್ಟ್ ಮೇಲೆ ಹೋಗಬಾರದು. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಒಂದು ಫ್ಯೂಸ್ ಇರಲೇಬೇಕು. ಬಿಎಂಎಸ್ ಇದೆ, ಫ್ಯೂಸ್ ಯಾಕೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನೀವು ಮಲಗೋದು ಅದರ ಮೇಲೆಯೇ.

ಲಿಥಿಯಂ ಅಂದರೆ ಎಲ್ಲ ಒಂದೇ ಅಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀನಿ. ಸ್ಟಿಕ್ಕರ್ ಮೇಲೆ 12.8 ವೋಲ್ಟ್ ಇದ್ದರೆ ಎಲ್‌ಎಫ್‌ಪಿ, ನಾಲ್ಕು ಸೆಲ್‌ನ ಸಾಲು. 11.1 ಅಥವಾ 14.8 ಅಂತ ಇದ್ದರೆ ಅದು ಬೇರೆ ಜಾತಿಯ ಲಿಥಿಯಂ. ಬೆಂಕಿ ಹೊತ್ತಿಕೊಂಡರೆ ಆರಿಸೋದು ಬಹಳ ಕಷ್ಟ. ಹಳೇ ಎಲೆಕ್ಟ್ರಿಕ್ ಗಾಡಿಗಳಿಂದ ಬಿಚ್ಚಿದ ಅಂಥ ಸೆಲ್‌ಗಳಲ್ಲಿ ಪ್ಯಾಕ್ ಕಟ್ಟಿ ಕೊಡುವವರೂ ಇದ್ದಾರೆ. ಮಕ್ಕಳು ಮಲಗುವ ವ್ಯಾನ್ ಒಳಗೆ ಅದು ಬೇಡವೇ ಬೇಡ. ಲಡಾಖ್ ಕಡೆ ಹೊರಟವರು ಇನ್ನೊಂದು ನೆನಪಿಟ್ಟುಕೊಳ್ಳಿ, ಎಲ್‌ಎಫ್‌ಪಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು.

ಅಂಗಡಿಗೆ ವಾಪಸ್ ಹೋದೆವು. ವಿಡಿಯೋ ನೋಡಿದ ಮೇಲೆ "ನೀವು ಮಿಕ್ಸಿ ಹಾಕಿದ್ದಕ್ಕೆ ಹಾಳಾಯ್ತು, ವಾರಂಟಿ ಬರಲ್ಲ" ಅಂದರು. ಸಾವಿರ ವ್ಯಾಟ್ ಆರಾಮಾಗಿ ಅಂದ ಬಾಯಿಂದಲೇ ಈ ಮಾತು. ಆಮೇಲೆ ಸಮಾಧಾನ ಮಾಡುವ ಹಾಗೆ, ಸ್ವಲ್ಪ ದುಡ್ಡು ಸೇರಿಸಿ, 150 ಎಎಚ್ ಟ್ಯೂಬುಲರ್ ಕೊಡ್ತೀನಿ ಅಂದರು. ಮನೆ ಇನ್ವರ್ಟರ್‌ಗೆ ಟ್ಯೂಬುಲರ್ ಒಳ್ಳೇ ಬ್ಯಾಟರಿಯೇ, ನಮ್ಮ ಮನೆಯಲ್ಲೂ ಇದೆ. ಆದರೆ 50 ಕೆಜಿ ಮೇಲಿನ, ಆಸಿಡ್ ತುಂಬಿದ ಎತ್ತರದ ಡಬ್ಬವನ್ನು ಘಾಟಿ ತಿರುವುಗಳಲ್ಲಿ ಓಲಾಡುವ ಗಾಡಿಯಲ್ಲಿ, ಅದೂ ಹಾಸಿಗೆ ಕೆಳಗೆ ಇಡೋದು ಹೇಗೆ? ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತೆ. ಮುಚ್ಚಿದ ಜಾಗದಲ್ಲಿ ಗಾಳಿಗೆ 4% ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತೆ. ಇಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯೂ ಈ ಕೆಲಸಕ್ಕೆ ಆಗೋದಿಲ್ಲ. ಅದರ ಒಳಗಿನ ಸೀಸದ ತಗಡು ತೆಳು, ಪದೇ ಪದೇ ಪೂರ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತೆ.

ಲಿಥಿಯಂಗೆ ಅಷ್ಟು ದುಡ್ಡು ಹಾಕೋಕೆ ಆಗದವರು ಒಳ್ಳೇ ಕಂಪನಿಯ ಎಸ್‌ಎಂಎಫ್ ಅಥವಾ ಅದೇ ಥರ ನೀರು ಹಾಕಬೇಕಿಲ್ಲದ ಎಜಿಎಂ ಸೀಸದ ಬ್ಯಾಟರಿ ಹಾಕಿಸಿ, ಅದರಲ್ಲಿ ಏನೂ ತಪ್ಪಿಲ್ಲ. ಅರ್ಧಕ್ಕಿಂತ ಕೆಳಗೆ ಇಳಿಸದೆ ಬಳಸಬೇಕು, ಅಂದರೆ 100 ಎಎಚ್‌ನಲ್ಲಿ ಕೈಗೆ ಸಿಗೋದು 50. ಪುಟ್ಟ ಕಂಪ್ರೆಸರ್ ಫ್ರಿಜ್ ಒಂದು ದಿನಕ್ಕೆ ಹತ್ತಿರ ಹತ್ತಿರ ಅಷ್ಟೇ ಕುಡಿಯುತ್ತೆ, ಲೆಕ್ಕ ಹಾಕಿಕೊಳ್ಳಿ. ತಯಾರಾದ ತಿಂಗಳು ನೋಡಿ ತಗೊಳ್ಳಿ. ಚಾರ್ಜ್ ಇಲ್ಲದೆ ಅಂಗಡಿಯಲ್ಲಿ ಕೂತ ಸೀಸದ ಬ್ಯಾಟರಿ ಅಲ್ಲೇ ಹಾಳಾಗ್ತಾ ಇರುತ್ತೆ.

ಬೇರೆಯವರಿಗೂ ಹೀಗಾಗಿದ್ದರೆ ಸುಮ್ಮನಿರಬೇಡಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಪ್ಯಾಕನ್ನು ಮಾತ್ರ ನೀವೇ ಬಿಚ್ಚಬೇಡಿ. ಶಾರ್ಟ್ ಆದರೆ ಕೈ ಸುಡುತ್ತೆ, ಜೊತೆಗೆ ನೀವೇ ಕೆಡಿಸಿದ್ದು ಅಂತ ಹೇಳೋಕೆ ಅವರಿಗೆ ದಾರಿಯಾಗುತ್ತೆ. ಆಯೋಗ ಬೇಕೆಂದರೆ ಅದನ್ನು ಲ್ಯಾಬ್‌ಗೆ ಕಳಿಸಿ ಪರೀಕ್ಷೆ ಮಾಡಿಸಬಹುದು. ನಾವು ಬಿಲ್, ವಿಡಿಯೋ, ತೂಕದ ಫೋಟೋ ಎಲ್ಲ ಸೇರಿಸಿ ದೂರು ಕೊಟ್ಟಿದ್ದೇವೆ. ಪ್ಯಾಕ್ ಹಾಗೇ ಇದೆ, ಸ್ಟಿಕ್ಕರ್ ಸಮೇತ. ನಿಮ್ಮ ಹತ್ತಿರವೂ ಅರ್ಧ ಬೆಲೆಗೆ ತಂದ ಇಂಥ ಡಬ್ಬ ಇದ್ದರೆ, ಮುಂದಿನ ಸಲ ಗಾಡಿ ತೆಗೆಯುವ ಮುಂಚೆ ಒಮ್ಮೆ ತಕ್ಕಡಿ ಮೇಲೆ ಇಟ್ಟು ನೋಡಿ.