ಜೀಪಿಗೆ ನೀರಿನ ಗ್ಯಾಸ್ ಕಟ್ಟಬೇಡಿ, ನಮ್ಮ ಶೆಡ್‌ನಲ್ಲಿ ಆಗಿದ್ದು ಇದು

ಹೋದ ಜುಲೈನಲ್ಲಿ ನಮ್ಮ ಶೆಡ್‌ನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬ ಸಿಡಿಯಿತು. ಒಳಗಿದ್ದದ್ದು ನೀರು, ಸ್ವಲ್ಪ ಕಾಸ್ಟಿಕ್ ಪೊಟ್ಯಾಶ್ (ಮೈ ಸುಡುವಂಥ ಕ್ಷಾರ), ಮೇಲೆ ಒಂದು ಚೊಂಬು ಹಿಡಿಸುವಷ್ಟು ಗ್ಯಾಸ್. ಅಷ್ಟೇ. ಅಷ್ಟಕ್ಕೇ ನನ್ನ ಅಕ್ಕನ ಮಗನ ಎಡಗಿವಿಯ ತಮಟೆ ಹರಿಯಿತು. ನನ್ನ ಬಲಗಣ್ಣಿಗೆ ಈಗಲೂ ಎಲ್ಲವೂ ಮಂಜಿನೊಳಗೆ ಇದ್ದ ಹಾಗೆ ಕಾಣುತ್ತದೆ.

ಇದನ್ನು ಬರೆಯಬೇಕು ಅಂತ ಇರಲಿಲ್ಲ. ಆದರೆ ಹೋದ ವಾರ ಗೋಣಿಕೊಪ್ಪದಲ್ಲಿ ಟೀ ಕುಡಿಯುತ್ತಾ ಕೂತಿದ್ದಾಗ ಪಕ್ಕದ ಮೇಜಿನಲ್ಲಿ ಇಬ್ಬರು ಹುಡುಗರು ಫೋನಿನಲ್ಲಿ ಅದೇ ತರದ ವಿಡಿಯೋ ನೋಡುತ್ತಿದ್ದರು. ನೀರಿನಿಂದ ಗ್ಯಾಸ್, ಮೈಲೇಜ್ ಡಬಲ್, ಖರ್ಚು ಕೆಲವೇ ಸಾವಿರ. ಒಬ್ಬ ಆಗಲೇ ಸ್ಟೀಲ್ ತಗಡು ಎಲ್ಲಿ ಸಿಗುತ್ತದೆ ಅಂತ ಯಾರಿಗೋ ಫೋನ್ ಮಾಡುತ್ತಿದ್ದ. ನಾನು ಅವರ ಹತ್ತಿರ ಹೋಗಿ ಕೂತು ಒಂದು ಗಂಟೆ ಮಾತಾಡಿದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ನಾಪೋಕ್ಲು ಕಡೆ ಸಣ್ಣ ಕಾಫಿ ತೋಟ. ಮನೆಗೆ ಬರುವ ದಾರಿ ಕೊನೆಯ ಎರಡು ಕಿಲೋಮೀಟರ್ ಬರೀ ಏರು, ಮಳೆಗಾಲದಲ್ಲಿ ಜೀಪ್ ಬಿಟ್ಟರೆ ಬೇರೆ ಯಾವುದೂ ಹತ್ತುವುದಿಲ್ಲ. ಹಳೆಯ ಡೀಸೆಲ್ ಜೀಪ್, ಎರಡೂವರೆ ಲೀಟರ್ ಎಂಜಿನ್, ಲೀಟರಿಗೆ ಹತ್ತು ಕಿಲೋಮೀಟರ್ ಕೊಟ್ಟರೆ ದೊಡ್ಡದು. ಗೊಬ್ಬರ ತರುವುದು, ಆಳುಗಳನ್ನು ಬಿಡುವುದು, ಕಾಫಿ ಮೂಟೆ ಸಾಗಿಸುವುದು ಎಲ್ಲಾ ಅದರಲ್ಲೇ. ಬೇಸಿಗೆಯಲ್ಲಿ ಹೂ ಅರಳಿಸಲು ಸ್ಪ್ರಿಂಕ್ಲರ್ ಪಂಪಿಗೂ ಡೀಸೆಲ್ ಬೇಕು. ತಿಂಗಳ ಕೊನೆಗೆ ಬಂಕಿನ ಬಿಲ್ಲು ನೋಡಿದರೆ ಎದೆ ಧಸಕ್ ಅನ್ನುತ್ತದೆ. ಹಾಗಾಗಿ ಅಕ್ಕನ ಮಗ ವಿಡಿಯೋ ತೋರಿಸಿ, 'ಮಾವ, ಇದನ್ನು ನಾವೇ ಮಾಡಬಹುದು' ಅಂದಾಗ ನಾನೂ ಹೂಂ ಅಂದೆ. ಅವನು ಡಿಪ್ಲೊಮಾ ಓದುತ್ತಿದ್ದಾನೆ, ಕೈಕೆಲಸ ಚೆನ್ನಾಗಿ ಬರುತ್ತದೆ. ತಪ್ಪು ಅವನದಲ್ಲ. ದೊಡ್ಡವನು ನಾನು, ಬೇಡ ಅನ್ನಬೇಕಾದವನು ನಾನು.

ಏನು ಮಾಡಿದೆವು ಅಂತ ಚಿಕ್ಕದಾಗಿ ಹೇಳುತ್ತೇನೆ, ಅಳತೆ ಸಮೇತ ಹೇಳುವುದಿಲ್ಲ, ಯಾರೂ ಇದನ್ನು ನೋಡಿ ಮಾಡಬಾರದು. ಏಳು ಸ್ಟೇನ್‌ಲೆಸ್ ಸ್ಟೀಲ್ ತಗಡು, ನಡುವೆ ರಬ್ಬರ್ ರಿಂಗು, ಬೋಲ್ಟು ಹಾಕಿ ಬಿಗಿದದ್ದು, ಇದಕ್ಕೆ ಸೆಲ್ ಅನ್ನುತ್ತಾರೆ. ಪಕ್ಕದಲ್ಲಿ ನೀರಿನ ಡಬ್ಬ. ಜೀಪಿನ ಬ್ಯಾಟರಿಯಿಂದ ಕರೆಂಟ್ ಕೊಟ್ಟರೆ ನೀರು ಒಡೆದು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗುತ್ತದೆ. ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಕ್ಸಿಜನ್. ಆ ಗ್ಯಾಸ್ ಬಬ್ಲರ್ ಅನ್ನುವ ಇನ್ನೊಂದು ನೀರಿನ ಡಬ್ಬದೊಳಗೆ ಗುಳುಗುಳು ಅಂತ ಹಾದು, ಪೈಪಿನಲ್ಲಿ ಏರ್ ಫಿಲ್ಟರ್ ಕಡೆ ಹೋಗಬೇಕು. ಬೆಂಕಿ ಹಿಂದಕ್ಕೆ ಬಂದರೆ ಬಬ್ಲರಿನ ನೀರು ಅದನ್ನು ತಡೆಯುತ್ತದೆ ಅಂತ ವಿಡಿಯೋದಲ್ಲಿ ಹೇಳಿದ್ದರು.

ಬರೀ ನೀರಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಅದಕ್ಕೇ ಮೊದಲು ನೀರಿಗೆ ಉಪ್ಪು ಹಾಕಿ ನೋಡಿದೆವು. ಗಂಟಲು ಹಿಡಿಯುವ ವಾಸನೆ ಬಂತು, ಇಬ್ಬರೂ ಕೆಮ್ಮಿ ಕೆಮ್ಮಿ ಹೊರಗೆ ಓಡಿದೆವು. ಉಪ್ಪುನೀರಿಗೆ ಕರೆಂಟ್ ಕೊಟ್ಟರೆ ಕ್ಲೋರಿನ್ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು. ನಂತರ ಅಡುಗೆ ಸೋಡಾ ಹಾಕಿದೆವು. ಅರ್ಧ ದಿನದಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ಕೆಸರು ಕಟ್ಟಿತು. ಅದು ಸ್ಟೀಲ್ ಕರಗಿ ಬಂದದ್ದು. ಅದರಲ್ಲಿ ಕ್ರೋಮಿಯಂ ಇರುತ್ತದೆ, ಅದರ ಒಂದು ರೂಪ ಕ್ಯಾನ್ಸರ್ ತರುವಂಥದ್ದು. ಆ ನೀರನ್ನು ನಾನು ಮನೆ ಹಿಂದಿನ ತೋಡಿಗೆ ಚೆಲ್ಲಿಬಿಟ್ಟೆ. ಆ ತೋಡು ಹೋಗಿ ಸೇರುವುದು ಕಾವೇರಿಗೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಕಾಸ್ಟಿಕ್ ಪೊಟ್ಯಾಶ್ ತಂದೆವು. ಆಗ ಗ್ಯಾಸ್ ಜೋರಾಗಿ ಬರತೊಡಗಿತು. ಬಕೆಟ್ ನೀರಿನಲ್ಲಿ ಒಂದು ಲೀಟರ್ ಬಾಟಲಿ ಬೋರಲು ಹಾಕಿ ಅಳೆದರೆ 50 ಸೆಕೆಂಡಿನಲ್ಲಿ ತುಂಬಿತು. ನಮಗೆ ಹಬ್ಬವೇ ಹಬ್ಬ. ಜೀಪಿಗೆ ಕಟ್ಟಿ ಓಡಿಸಿದೆವು, ಎರಡು ವಾರದಲ್ಲಿ ಮೈಲೇಜ್ ಹತ್ತರಿಂದ ಹನ್ನೆರಡಕ್ಕೆ ಏರಿತು.

ಈ ಹನ್ನೆರಡು ಅನ್ನುವ ಸಂಖ್ಯೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಎಲ್ಲರೂ ಬೀಳುವುದು ಇಲ್ಲೇ. ಕಿಟ್ ಕಟ್ಟುವಾಗ ಹಳೆಯ ಏರ್ ಫಿಲ್ಟರ್ ತೆಗೆದು ಹೊಸದು ಹಾಕಿದ್ದೆವು. ಟೈರಿಗೆ ಗಾಳಿ ಹಿಡಿಸಿದ್ದೆವು. ಮೈಲೇಜ್ ನೋಡಬೇಕು ಅಂತ ನಾನು ಕಾಲು ಹಗುರ ಮಾಡಿ, ಗೇರ್ ನೋಡಿಕೊಂಡು ಓಡಿಸುತ್ತಿದ್ದೆ. ಈಗ ಕಿಟ್ ಇಲ್ಲ, ಬರೀ ಜೀಪ್. ಹಾಗೇ ಓಡಿಸಿದರೆ ಈಗಲೂ ಹನ್ನೆರಡು ಬರುತ್ತದೆ. ಮೂರು ತಿಂಗಳು ಬರೆದಿಟ್ಟಿದ್ದೇನೆ. ವಿಡಿಯೋ ಮಾಡುವವರು ಎಲ್ಲರೂ ಸುಳ್ಳು ಹೇಳುತ್ತಾರೆ ಅಂತ ನಾನು ಹೇಳಲ್ಲ, ಅವರಲ್ಲಿ ಎಷ್ಟೋ ಜನ ನನ್ನ ಹಾಗೇ ನಂಬಿದವರು ಇರಬಹುದು.

ನನ್ನ ಭಾವ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾರೆ. ಆಸ್ಪತ್ರೆಯಲ್ಲಿ ನನ್ನ ಮಂಚದ ಪಕ್ಕ ಕೂತು ಲೆಕ್ಕ ಹಾಕಿ ತೋರಿಸಿದರು. ನಮ್ಮ ಸೆಲ್ ಎಳೆಯುತ್ತಿದ್ದದ್ದು ಸುಮಾರು 20 ಆಂಪ್ಸ್. ಎಂಜಿನ್ ಓಡುವಾಗ 13.8 ವೋಲ್ಟ್ ಅಂದರೆ 276 ವ್ಯಾಟ್. ಅದರಿಂದ ಬಂದ ಹೈಡ್ರೋಜನ್ ಉರಿದರೆ ಸಿಗುವುದು ಹೆಚ್ಚೆಂದರೆ 140 ವ್ಯಾಟ್, ಅಂದರೆ ಅರ್ಧ ಅಲ್ಲೇ ಹೋಯಿತು. ಒಂದು ಗಂಟೆ ಪೂರ್ತಿ ಈ ಗ್ಯಾಸ್ ಮಾಡಿದರೆ ಅದರ ಶಾಖ 14 ಮಿಲಿ ಡೀಸೆಲ್‌ಗೆ ಸಮ. ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಒಂದೂವರೆ ಮುಚ್ಚಳ! ಆ 276 ವ್ಯಾಟ್ ಎಲ್ಲಿಂದ ಬರುತ್ತದೆ? ಆಲ್ಟರ್ನೇಟರ್‌ನಿಂದ, ಅಂದರೆ ಜೀಪಿನೊಳಗೇ ಕರೆಂಟ್ ಮಾಡುವ ಯಂತ್ರದಿಂದ. ಆಲ್ಟರ್ನೇಟರ್ ತಿರುಗಿಸುವುದು ಎಂಜಿನ್, ಎಂಜಿನ್ ಓಡುವುದು ಡೀಸೆಲ್‌ನಲ್ಲಿ. ಬೆಲ್ಟಿನಲ್ಲಿ, ಆಲ್ಟರ್ನೇಟರಿನಲ್ಲಿ, ಎಂಜಿನ್ ಬಿಸಿಯಲ್ಲಿ ಹೋಗುವುದನ್ನೆಲ್ಲಾ ಸೇರಿಸಿದರೆ ಅಷ್ಟು ಕರೆಂಟಿಗೆ ಗಂಟೆಗೆ 150 ಮಿಲಿಗೂ ಜಾಸ್ತಿ ಡೀಸೆಲ್ ಬೇಕು. 150 ಸುಟ್ಟು 14 ಪಡೆಯುವುದು. ಆ ಕಾಗದ ನನ್ನ ಹತ್ತಿರ ಇನ್ನೂ ಇದೆ.

'ಗ್ಯಾಸ್ ಸ್ವಲ್ಪವೇ ಆದರೂ ಅದು ಡೀಸೆಲ್ ಚೆನ್ನಾಗಿ ಉರಿಯುವ ಹಾಗೆ ಮಾಡುತ್ತದಂತಲ್ಲ' ಅಂತ ನಾನು ಕೇಳಿದೆ. ಭಾವ ಹೇಳಿದ್ದು ಇಷ್ಟು. ಕಂಡಿಷನ್‌ನಲ್ಲಿ ಇರುವ ಡೀಸೆಲ್ ಎಂಜಿನ್ ತನಗೆ ಹಾಕಿದ ಡೀಸೆಲ್‌ನ್ನು ಆಗಲೇ ಹತ್ತಿರ ಹತ್ತಿರ ಪೂರ್ತಿ ಸುಡುತ್ತದೆ. ನಷ್ಟ ಆಗುವುದು ಸುಡದೇ ಉಳಿದದ್ದರಿಂದ ಅಲ್ಲ, ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಹೋಗುವ ಬಿಸಿಯಿಂದ. ಅದೂ ಅಲ್ಲದೆ 2000 ಆರ್‌ಪಿಎಮ್‌ನಲ್ಲಿ ನಮ್ಮ ಎಂಜಿನ್ ನಿಮಿಷಕ್ಕೆ 2000 ಲೀಟರಿಗಿಂತ ಜಾಸ್ತಿ ಗಾಳಿ ಎಳೆಯುತ್ತದೆ. ಅದರೊಳಗೆ ನಮ್ಮ ಗ್ಯಾಸ್ ಒಂದೂಕಾಲು ಲೀಟರ್.

ಇದು ಹೊಸ ಕಥೆಯೂ ಅಲ್ಲ. ಅಮೆರಿಕದಲ್ಲಿ ಸ್ಟಾನ್ಲಿ ಮೇಯರ್ ಅನ್ನುವವರು ನೀರಿನಿಂದ ಗಾಡಿ ಓಡುತ್ತದೆ ಅಂತ ಹೇಳಿ ಹಣ ಪಡೆದಿದ್ದರು. 1996ರಲ್ಲಿ ಓಹಾಯೋದ ಕೋರ್ಟು ತಜ್ಞರಿಂದ ಅವರ ಸೆಲ್ ಪರೀಕ್ಷೆ ಮಾಡಿಸಿತು. ಅದರಲ್ಲಿ ಹೊಸತೇನೂ ಇಲ್ಲ, ಎಲ್ಲರಿಗೂ ಗೊತ್ತಿರುವ ನೀರು ಒಡೆಯುವ ಕೆಲಸವೇ ಅಂತ ತಿಳಿದು, ಇದು ವಂಚನೆ ಅಂತ ತೀರ್ಪು ಕೊಟ್ಟು, ಹಣ ಹಾಕಿದ ಇಬ್ಬರಿಗೆ 25,000 ಡಾಲರ್ ವಾಪಸ್ ಕೊಡಿಸಿತು. ಈಗಲೂ ಎಷ್ಟೋ ವಿಡಿಯೋಗಳಲ್ಲಿ ಅವರ ಫೋಟೋ ಇರುತ್ತದೆ, ಈ ತೀರ್ಪಿನ ಮಾತು ಮಾತ್ರ ಇರುವುದಿಲ್ಲ.

ಈಗ ಆ ದಿನದ ವಿಷಯ.

ಜೋರು ಮಳೆ. ಬೇರೆ ದಿನ ಆಗಿದ್ದರೆ ಕಣದಲ್ಲಿ, ಬಯಲಿನಲ್ಲಿ ಟೆಸ್ಟ್ ಮಾಡುತ್ತಿದ್ದೆವು. ಅವತ್ತು ಗಾಳಿಗೆ ಎರಚಲು ಬರುತ್ತದೆ ಅಂತ ಜೀಪನ್ನು ಶೆಡ್ ಒಳಗೆ ನಿಲ್ಲಿಸಿ ತಗಡಿನ ಬಾಗಿಲು ಎಳೆದಿದ್ದೆವು. ಹೈಡ್ರೋಜನ್ ಗಾಳಿಗಿಂತ ತುಂಬಾ ಹಗುರ, ಮೇಲೆ ಹೋಗಿ ಶೀಟಿನ ಕೆಳಗೆ ನಿಲ್ಲುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಅಡುಗೆ ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗಲಿ ಅಂತಲೇ ವಾಸನೆ ಸೇರಿಸಿರುತ್ತಾರೆ, ಇದಕ್ಕೆ ಅದೂ ಇಲ್ಲ.

ಎರಡು ವಾರ ನಮ್ಮ ಏರು ರಸ್ತೆಯಲ್ಲಿ ಜೀಪ್ ವಾಲಿ ವಾಲಿ ಬಂದದ್ದಕ್ಕೆ ಬಬ್ಲರಿನ ನೀರು ತುಳುಕಿ ಪೈಪಿನ ಮೂಲಕ ಎಂಜಿನ್ ಕಡೆ ಹೋಗಿಬಿಟ್ಟಿತ್ತು. ಒಳಗಿನ ಕೊಳವೆಯ ತುದಿ ನೀರಿನಿಂದ ಮೇಲೆ ಬಂದಿತ್ತು. ಬಿಳಿ ಡಬ್ಬ, ಹೊರಗಿನಿಂದ ಕಾಣುತ್ತಿರಲಿಲ್ಲ. ಬೆಂಕಿ ತಡೆಯಬೇಕಾದ ನೀರೇ ಅಲ್ಲಿ ಇರಲಿಲ್ಲ. ನಮ್ಮ ಕಡೆಯ ರಸ್ತೆಯಲ್ಲಿ ಓಡಾಡುವವರು ಇದನ್ನು ಎರಡು ಸಲ ಓದಿ.

ಗ್ಯಾಸ್ ಎಷ್ಟು ಬರುತ್ತಿದೆ ಅಂತ ಮತ್ತೆ ಅಳೆಯೋಣ ಅಂತ ಎಂಜಿನ್ ಆಫ್ ಮಾಡಿ, ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟೆವು. ಹತ್ತು ನಿಮಿಷ ಆಯಿತು. ನಾನು ಪೈಪಿನ ತುದಿಯನ್ನು ಬಕೆಟಿನಿಂದ ಎತ್ತಿ ಹಿಡಿದುಕೊಂಡು 'ಸಾಕು, ತೆಗಿ' ಅಂದೆ. ಅವನು ಸ್ವಿಚ್ ಒತ್ತುವ ಬದಲು ಬ್ಯಾಟರಿಯ ಕ್ಲಿಪ್ ಕಿತ್ತ. 20 ಆಂಪ್ಸ್ ಹರಿಯುವಾಗ ಕ್ಲಿಪ್ ಕಿತ್ತರೆ ಕಿಡಿ ಹಾರದೆ ಇರುತ್ತದೆಯೇ? ಪೈಪಿನ ತುದಿ ಅಲ್ಲಿಂದ ಒಂದು ಅಡಿ ದೂರದಲ್ಲಿತ್ತು. ನಾನು ಬೆಂಕಿ ನೋಡಲಿಲ್ಲ. ಹೈಡ್ರೋಜನ್ ಬೆಂಕಿ ಹಗಲಲ್ಲಿ ಕಾಣುವುದೂ ಕಷ್ಟ. ಒಂದು ಸದ್ದು ಮಾತ್ರ, ಕಿವಿ ಪಕ್ಕ ಕೋವಿ ಹಾರಿಸಿದ ಹಾಗೆ. ಪೈಪು, ಬಬ್ಲರ್, ಅಲ್ಲಿಂದ ನೀರಿನ ಡಬ್ಬ, ಎಲ್ಲಾ ಒಂದೇ ಕ್ಷಣದಲ್ಲಿ. ಬಿಸಿಯಾಗಿದ್ದ ಕಾಸ್ಟಿಕ್ ನೀರು ನನ್ನ ಮುಖಕ್ಕೆ ಬಂತು.

ಪಕ್ಕದ ಲೈನ್ ಮನೆಯವರಿಗೆ (ತೋಟದ ಕೆಲಸದವರ ಸಾಲುಮನೆ) ಸದ್ದು ಕೇಳಿಸಿತ್ತು. ಯಾರೂ ಬರಲಿಲ್ಲ. ನಮ್ಮಲ್ಲಿ ಆನೆ ಓಡಿಸಲು ದಿನಾ ಪಟಾಕಿ ಹೊಡೆಯುತ್ತಾರೆ, ಅದೇ ಅಂದುಕೊಂಡರು. ನನ್ನ ಹೆಂಡತಿ ಕಿರುಚಿದ ಮೇಲೆ ಓಡಿ ಬಂದರು. ಒಬ್ಬರು ಕಾಸ್ಟಿಕ್‌ಗೆ ಹುಳಿ ಮದ್ದು ಅಂತ ಕಾಚಂಪುಳಿ (ನಮ್ಮ ಕೊಡಗಿನ ಅಡುಗೆಯ ಹುಳಿ ರಸ) ಬಾಟಲಿ ಹಿಡಿದುಕೊಂಡು ಬಂದರು. ಒಳ್ಳೆಯ ಮನಸ್ಸಿನಿಂದಲೇ ತಂದದ್ದು. ದಯವಿಟ್ಟು ಯಾರಿಗೂ ಹಾಗೆ ಹಾಕಬೇಡಿ. ಹುಳಿ ಹಾಕಿದರೆ ಬಿಸಿ ಹುಟ್ಟಿ ಇನ್ನೂ ಸುಡುತ್ತದೆ. ಬರೀ ನೀರು, ಧಾರಾಳ ನೀರು, ಕಣ್ಣು ಬಿಡಿಸಿ ಹಿಡಿದು ಅರ್ಧ ಗಂಟೆಯಾದರೂ ಬಿಡದೆ ತೊಳೆಯಬೇಕು, ಆಮೇಲೆ ಆಸ್ಪತ್ರೆ. ಹೆಂಡತಿ ನನ್ನನ್ನು ಟ್ಯಾಂಕಿನ ನಲ್ಲಿ ಕೆಳಗೆ ಮಲಗಿಸಿ ರೆಪ್ಪೆ ಎಳೆದು ಹಿಡಿದಳು. ಕಣ್ಣು ಉಳಿದದ್ದು ಅದರಿಂದಲೇ ಅಂತ ಡಾಕ್ಟರ್ ಹೇಳಿದರು. ಆಸಿಡ್‌ಗಿಂತ ಇಂಥ ಕ್ಷಾರ ಕಣ್ಣಿಗೆ ಕೆಟ್ಟದ್ದಂತೆ, ತೊಳೆಯದಿದ್ದರೆ ಒಳಗೆ ಇಳಿಯುತ್ತಲೇ ಹೋಗುತ್ತದೆ.

ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇಲ್ಲವೇ, ಇದೇನು ಮಹಾ ಅಂತ ನಾವೂ ಅಂದುಕೊಂಡಿದ್ದೆವು. ಸಿಲಿಂಡರ್ ಒಳಗೆ ಗ್ಯಾಸ್ ಮಾತ್ರ ಇರುತ್ತದೆ, ಆಕ್ಸಿಜನ್ ಇರುವುದಿಲ್ಲ, ಹಾಗಾಗಿ ಅದರೊಳಗೆ ಬೆಂಕಿ ಹೋಗಲಾರದು. ಈ ಗ್ಯಾಸ್‌ಗೆ ಹೊರಗಿನ ಗಾಳಿಯೇ ಬೇಡ. ಉರಿಯಲು ಬೇಕಾದ ಆಕ್ಸಿಜನ್ ಸರಿಯಾದ ಪ್ರಮಾಣದಲ್ಲಿ ಆಗಲೇ ಬೆರೆತು ಕೂತಿರುತ್ತದೆ. ಹೊರಗೆ ಸೋರಿದರೂ ಅಷ್ಟೇ, ಗಾಳಿಯಲ್ಲಿ ಹೈಡ್ರೋಜನ್ ನೂರಕ್ಕೆ 4ರಿಂದ 75ರ ತನಕ ಇದ್ದರೂ ಬೆಂಕಿ ಹತ್ತುತ್ತದೆ. ಅಡುಗೆ ಗ್ಯಾಸ್‌ಗೆ ಅದು ಸುಮಾರು 2ರಿಂದ 10 ಮಾತ್ರ. ಮೈಮೇಲಿನ ಉಣ್ಣೆ ಸ್ವೆಟರಿನ ಕಿಡಿಯೂ ಸಾಕು. ನಮ್ಮ ಡಬ್ಬದಲ್ಲಿ ಇದ್ದದ್ದು ಇಂಧನ ಅಲ್ಲ, ಅದು ಸಿಡಿಮದ್ದು.

ಇದೇ ಡಬ್ಬ ಬಾನೆಟ್ ಕೆಳಗೆ ಇಟ್ಟುಕೊಂಡು ನಾನು ಮಡಿಕೇರಿಗೆ ಎರಡು ಸಲ ಹೋಗಿ ಬಂದಿದ್ದೆ. ಒಂದು ಸಲ ಹಿಂದಿನ ಸೀಟಿನಲ್ಲಿ ತೋಟದ ಕೆಲಸದವರ ಮಕ್ಕಳು ಇದ್ದರು. ರಾತ್ರಿ ನಿದ್ದೆ ಬರದೆ ಇರುವುದು ಅದನ್ನು ನೆನೆದೇ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸುವ ಹಾಗಿಲ್ಲ. ಎಲ್‌ಪಿಜಿ, ಸಿಎನ್‌ಜಿ ಹಾಕಿಸಿದರೂ ಒಪ್ಪಿಗೆ ಪಡೆದ ಕಿಟ್ಟೇ ಆಗಬೇಕು, ಆರ್‌ಸಿಯಲ್ಲಿ ಬರೆಸಬೇಕು. ಇಂಥದ್ದು ಕಟ್ಟಿಕೊಂಡು ಏನಾದರೂ ಆದರೆ ಇನ್ಶೂರೆನ್ಸ್ ಕೈಬಿಡುವ ಸಾಧ್ಯತೆಯೇ ಜಾಸ್ತಿ.

ನಿಮ್ಮ ಶೆಡ್‌ನಲ್ಲಿ ಈಗಾಗಲೇ ಇಂಥದ್ದು ಕಟ್ಟಿ ಇಟ್ಟಿದ್ದರೆ ಗಾಬರಿಯಲ್ಲಿ ಕೈ ಹಾಕಬೇಡಿ. ಬಾಗಿಲು ಕಿಟಕಿ ಎಲ್ಲಾ ತೆಗೆದಿಡಿ. ಹತ್ತಿರ ಬೀಡಿ, ಲೈಟು, ಮೊಬೈಲು ಯಾವುದೂ ಬೇಡ. ಕರೆಂಟ್ ಹರಿಯುತ್ತಿದ್ದರೆ ದೂರದ ಸ್ವಿಚ್ಚಿನಲ್ಲಿ ಆಫ್ ಮಾಡಿ, ಕ್ಲಿಪ್ ಕೀಳಬೇಡಿ. ಒಂದು ದಿನ ಹಾಗೇ ಬಿಡಿ. ಮರುದಿನ ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಮುಚ್ಚಳ ತೆಗೆಯಿರಿ. ಪಕ್ಕದಲ್ಲಿ ನೀರಿನ ನಲ್ಲಿ ಇರಲಿ, ಒಬ್ಬರೇ ಇರಬೇಡಿ. ಒಳಗಿನ ನೀರನ್ನು ಮುಚ್ಚಳ ಇರುವ ಪ್ಲಾಸ್ಟಿಕ್ ಕ್ಯಾನಿಗೆ ಹಾಕಿ ಮಕ್ಕಳ ಕೈಗೆ ಸಿಗದಂತೆ ಇಡಿ, ಗಿಡದ ಬುಡಕ್ಕೂ ಬೇಡ, ತೋಡಿಗೂ ಬೇಡ. ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು ಯಾರಾದರೂ ಗೊತ್ತಿದ್ದರೆ ಅದನ್ನು ಏನು ಮಾಡಬೇಕು ಅಂತ ಅವರನ್ನೇ ಕೇಳಿ.

ಅಕ್ಕನ ಮಗ ಮೊನ್ನೆ ಬಂದಿದ್ದ. ಎಡಗಡೆಯಿಂದ ಕರೆದರೆ ಈಗಲೂ ಅವನಿಗೆ ಸರಿಯಾಗಿ ಕೇಳುವುದಿಲ್ಲ, ನಾನೇ ಬಲಗಡೆಗೆ ಹೋಗಿ ಕೂತು ಮಾತಾಡುತ್ತೇನೆ. ಮುಂದಿನ ತಿಂಗಳು ಮತ್ತೆ ಕಿವಿ ತೋರಿಸಲು ಮೈಸೂರಿಗೆ ಹೋಗಬೇಕು, ನಾನೂ ಜೊತೆಗೆ ಹೋಗುತ್ತಿದ್ದೇನೆ.