ಒಬ್ಬನೇ ನುಡಿಸಿದ ಎರಡು ಆಲ್ಬಂ: ಮೆಕಾರ್ಟ್ನಿಯೋ, ಎಮಿಟ್ ರೋಡ್ಸೋ?

ಒಂದು ತಿಂಗಳಿಂದ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ನಡೆಯುವಾಗ ಎರಡೇ ಆಲ್ಬಂ ಕೇಳುತ್ತಿದ್ದೇನೆ. ಒಂದು ದಿನ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯ ‘ಮೆಕಾರ್ಟ್ನಿ’, ಮರುದಿನ ಅಮೆರಿಕದ ಹಾಡುಗಾರ ಎಮಿಟ್ ರೋಡ್ಸ್‌ನ ‘ಎಮಿಟ್ ರೋಡ್ಸ್’. ಎರಡೂ 1970ರವು. ಎರಡರಲ್ಲೂ ಗಿಟಾರು, ಬೇಸು, ಪಿಯಾನೋ, ಡ್ರಮ್ಸು ಒಬ್ಬನದೇ ಕೈ. ಎರಡೂ ಬಹುಪಾಲು ಮನೆಯಲ್ಲೇ, ನಾಲ್ಕು ಟ್ರ್ಯಾಕಿನ ಟೇಪಿನಲ್ಲಿ, ಅಂದರೆ ಒಂದರ ಮೇಲೊಂದು ನಾಲ್ಕು ಪದರವಾಗಿ ನುಡಿಸಿ ಸೇರಿಸಬಹುದಾದ ಟೇಪಿನಲ್ಲಿ, ರೆಕಾರ್ಡ್ ಆದವು. ಮೊದಲನೆಯದು ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ನಂಬರ್ 1 ಆಯಿತು. ಎರಡನೆಯದು 29ಕ್ಕೆ ನಿಂತಿತು. ಇಲ್ಲಿ ಗಿಟಾರ್ ಹಿಡಿದ ನನ್ನ ಗೆಳೆಯರಲ್ಲಿ ಒಬ್ಬರೂ ರೋಡ್ಸ್ ಹೆಸರು ಕೇಳಿರಲಿಲ್ಲ. ನನಗೆ ಅದು ನಿಜಕ್ಕೂ ಬೇಸರದ ವಿಷಯ.

ಮೆಕಾರ್ಟ್ನಿ ಲಂಡನ್ನಿನ ಮನೆಯಲ್ಲಿ ದನಿಗಳನ್ನು ಹದಮಾಡಿ ಬೆರೆಸುವ ಮಿಕ್ಸಿಂಗ್ ಡೆಸ್ಕ್ ಕೂಡ ಇಲ್ಲದೆ, ಮೈಕನ್ನು ನೇರ ಟೇಪ್ ಯಂತ್ರಕ್ಕೇ ಸಿಕ್ಕಿಸಿ ಹಾಡಿದವರು. ಆ ಸಲಿಗೆ ಇಷ್ಟವಾಗುತ್ತದೆ. ಆದರೆ ಕೆಲವು ಹಾಡು ಕಿವಿಗೆ ಹತ್ತುವಷ್ಟರಲ್ಲೇ ಮುಗಿಯುತ್ತವೆ, ಇನ್ನು ಕೆಲವು ಬರೀ ವಾದ್ಯದ ತುಣುಕು. ಹೆಂಡತಿಗಾಗಿ ಗಂಟಲು ಬಿಟ್ಟು ಹಾಡಿದ ಆ ದೊಡ್ಡ ಹಾಡು ‘ಮೇಬಿ ಐ ಆ್ಯಮ್ ಅಮೇಜ್ಡ್’ ಮಾತ್ರ ಬೇರೆಯೇ ಮಟ್ಟದ್ದು. ಅದು ಮನೆಯಲ್ಲಲ್ಲ, ಅಬೇ ರೋಡ್ ಸ್ಟುಡಿಯೋದಲ್ಲಿ ಆದದ್ದು. ಅದಕ್ಕೆ ಸರಿಸಾಟಿಯಾದ ಹಾಡು ರೋಡ್ಸ್ ಬಳಿ ಇಲ್ಲ, ಒಪ್ಪುತ್ತೇನೆ.

ರೋಡ್ಸ್‌ಗೆ ಆಗ 20 ವರ್ಷ. ಕ್ಯಾಲಿಫೋರ್ನಿಯಾದ ಹಾಥಾರ್ನ್‌ನಲ್ಲಿ ಅಪ್ಪ ಅಮ್ಮನ ಮನೆಯ ಗ್ಯಾರೇಜೇ ಸ್ಟುಡಿಯೋ. 12 ಹಾಡು, ಒಂದರಲ್ಲೂ ಅರೆಬರೆ ಕೆಲಸವಿಲ್ಲ. ಇದರ ಬೆಲೆ ಗೊತ್ತಾಗಿದ್ದು ನಾನೇ ಕೈ ಹಾಕಿದಾಗ. ಸರಸ್ವತಿಪುರಂನ ನಮ್ಮ ಮನೆಯ ಕೋಣೆಯಲ್ಲಿ ಮೊಬೈಲಿನಲ್ಲೇ ಒಂದು ಹಾಡಿಗೆ ನಾಲ್ಕು ಟ್ರ್ಯಾಕ್ ನುಡಿಸಿ ನೋಡಿದೆ. ಮೊದಲ ಟ್ರ್ಯಾಕಿನ ಗಿಟಾರಿನಲ್ಲಿ ಲಯ ಒಂದು ಕೂದಲೆಳೆ ಓಡಿತ್ತು. ಅದರ ಮೇಲೆ ಬೇಸು, ಅದರ ಮೇಲೆ ಇನ್ನೊಂದು ಗಿಟಾರು ಕೂರಿಸುವಷ್ಟರಲ್ಲಿ ಇಡೀ ಹಾಡೇ ಕುಂಟತೊಡಗಿತು. ಜೊತೆಗಾರರಿದ್ದರೆ ಒಬ್ಬರನ್ನೊಬ್ಬರು ನೋಡಿಕೊಂಡು ಸರಿಮಾಡಿಕೊಳ್ಳಬಹುದು, ಒಬ್ಬನೇ ಇದ್ದಾಗ ಮೊದಲ ತಪ್ಪೇ ಕೊನೆಯವರೆಗೂ ಜೊತೆ ಬರುತ್ತದೆ.

ಪಕ್ಕದ ಮನೆಯ ವೀಣೆ ಮೇಷ್ಟ್ರಿಗೆ ರೋಡ್ಸ್ ಕೇಳಿಸಿದೆ. ಇಂಗ್ಲಿಷ್ ಹಾಡು ಅವರು ಕೇಳುವವರಲ್ಲ. ಎರಡು ಹಾಡು ತೊಡೆ ತಟ್ಟುತ್ತಾ ಕೇಳಿ, “ಇಷ್ಟೂ ಒಬ್ಬನೇ ನುಡಿಸಿದ್ದೇನಪ್ಪಾ? ತಾಳ ಎಲ್ಲೂ ಜಾರಿಲ್ಲವಲ್ಲ!” ಎಂದರು. “ಹೌದು ಸಾರ್, ಹಾಡಿದ್ದೂ ಅವನೇ” ಎಂದೆ. ಇನ್ನೊಂದು ಹಾಕು ಎಂದರು.

ರೆಕಾರ್ಡ್ ಕಂಪನಿಯ ಕರಾರಿನ ಪ್ರಕಾರ ರೋಡ್ಸ್ ಆರು ತಿಂಗಳಿಗೊಂದು ಆಲ್ಬಂ ಕೊಡಬೇಕಿತ್ತು. ಹೀಗೆ ಕೂತು ಪದರ ಪದರವಾಗಿ ಕಟ್ಟುವವನಿಗೆ ಆಗುವ ಮಾತೇ ಅದು? ತಡವಾಯಿತು, ಮೊಕದ್ದಮೆ ಬಿತ್ತು. 1973ರ ಆಲ್ಬಂ ಆದಮೇಲೆ ಮುಂದಿನದು ಬಂದದ್ದು 2016ರಲ್ಲಿ. 2020ರಲ್ಲಿ ತೀರಿಕೊಂಡರು.

ತಿಂಗಳು ಮುಗಿಯಿತು. ಮೆಕಾರ್ಟ್ನಿಯ ಮೂರು ಹಾಡು ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ರೋಡ್ಸ್‌ನದು 12ಕ್ಕೆ 12.