ಮುರಿದ ಸ್ಟಡ್‌ಗೆ ಈಸಿ-ಔಟ್, ಎಡಮುರಿ ಬಿಟ್, ನಟ್ ವೆಲ್ಡಿಂಗ್: ಯಾವುದು ಕೆಲಸಕ್ಕೆ ಬಂತು?

ಕರಾವಳಿಯಲ್ಲಿ ಗ್ಯಾರೇಜ್ ಇಟ್ಟವನಿಗೆ ಮುರಿದ ಬೋಲ್ಟ್ ಹೊಸ ವಿಷಯವಲ್ಲ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಅದರ ಮೇಲೆ ಇಂಜಿನ್ ಕಾವು. ಹಳೇ ಮಾರುತಿ 800, ಓಮ್ನಿಗಳ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ನಿನ ಹೊಗೆ ಹೊರಹಾಕುವ ಕೊಳವೆ) ಬಿಚ್ಚಲು ಕೂತರೆ ಒಂದಾದರೂ ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟ್, ಟಕ್ಕೆಂದು ಮುರಿದು ಕೈಗೆ ಬರುತ್ತದೆ. 8 ಎಂಎಂ ಸ್ಟಡ್, 1.25 ಪಿಚ್ (ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ), ಕೂತಿರುವುದು ಇಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್‌ನಲ್ಲಿ. ಕೆಳಗೆ ಬರೆದಿರುವುದೆಲ್ಲ ಮುಖ್ಯವಾಗಿ ಈ ಜೋಡಿಯ ಮೇಲೆ ನಾನು ಮಾಡಿ ನೋಡಿದ್ದು.

"ಅದೊಂದು ಸ್ಟಡ್ ಇಲ್ದಿದ್ರೂ ಗಾಡಿ ಓಡ್ತದಲ್ಲ ಮಾರಾಯ್ರೇ?" ಅಂತ ಕೇಳುವವರು ಇದ್ದಾರೆ. ಓಡುತ್ತದೆ. ಆದರೆ ಆ ಮೂಲೆಯಲ್ಲಿ ಗ್ಯಾಸ್ ಸೋರಿ ಸಂದಿ ಮುಚ್ಚುವ ಗ್ಯಾಸ್ಕೆಟ್ ಸುಡುತ್ತದೆ, ಟಪಟಪ ಸದ್ದು ಶುರುವಾಗುತ್ತದೆ, ಪಕ್ಕದ ಸ್ಟಡ್‌ಗೆ ಹೊರೆ ಬೀಳುತ್ತದೆ.

ಯಾವ ಉಪಾಯ ಒಳ್ಳೆಯದು ಎನ್ನುವ ಮೊದಲು ಬೋಲ್ಟ್ ಯಾಕೆ ಮುರಿಯಿತು ಅಂತ ನೋಡಬೇಕು. ಹಾಕುವಾಗ ಯಾರೋ ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಜಗ್ಗಿ ಮುರಿದದ್ದು ಒಂದು ಥರ. ಅದು ಒಳಗೆ ಹಿಡಿದುಕೊಂಡಿರುವುದಿಲ್ಲ. ತಲೆ ಹಾರಿದ ಕ್ಷಣಕ್ಕೇ ಬಿಗಿಯೂ ಹೋಗಿರುತ್ತದೆ. ಬಿಚ್ಚುವಾಗ ಮುರಿದದ್ದು ಇನ್ನೊಂದು ಥರ. ಅದು ಒಳಗೇ ಕಚ್ಚಿಕೊಂಡಿದೆ. ಉಕ್ಕು, ಅಲ್ಯೂಮಿನಿಯಂ ಜೋಡಿಯ ನಡುವೆ ಉಪ್ಪುನೀರು ಹೊಕ್ಕರೆ ತಿಂದುಹೋಗುವುದು ಅಲ್ಯೂಮಿನಿಯಂ. ಆಗ ಏಳುವ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಥ್ರೆಡ್ಡಿನ ಸಂದಿಯಲ್ಲೆಲ್ಲ ಗಿಡಿದು ಕೂರುತ್ತದೆ. ಎರಡಕ್ಕೂ ಒಂದೇ ಮದ್ದು ಅನ್ನುವವರ ಮಾತು ನಂಬಬೇಡಿ.

ಎಲ್ಲರೂ ಮೊದಲು ಕೈ ಹಾಕುವುದು ಈಸಿ-ಔಟ್‌ಗೆ. ನಡುವೆ ತೂತು ಕೊರೆದು, ಎಡಕ್ಕೆ ತಿರುವಿದ ಮೊನಚು ಉಪಕರಣ ಒಳಗೆ ಹಾಕಿ ತಿರುಗಿಸುವುದು. ಸೆಟ್ ಅಗ್ಗ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬೇಕಾದಷ್ಟು ಸಿಗುತ್ತದೆ. ನನಗೆ ಮಾತ್ರ ಇದರ ಮೇಲೆ ಸಿಟ್ಟಿದೆ, ಕಾರಣವನ್ನೂ ಹೇಳುತ್ತೇನೆ. 8 ಎಂಎಂ ಸ್ಟಡ್‌ಗೆ ಹಾಕುವ ಈಸಿ-ಔಟ್ ಒಳಗೆ ಹೋಗುವ ಕಡೆ ಸುಮಾರು 4 ಎಂಎಂ ದಪ್ಪ. ತಿರುಚುವ ಬಲ ತಡೆಯುವ ಶಕ್ತಿ ವ್ಯಾಸದ ಘನದ ಲೆಕ್ಕದಲ್ಲಿ ಇಳಿಯುತ್ತದೆ, ಅಂದರೆ ವ್ಯಾಸ ಅರ್ಧವಾದರೆ ಶಕ್ತಿ ಎಂಟರಲ್ಲೊಂದು ಪಾಲು. ಈಸಿ-ಔಟ್‌ನ ಉಕ್ಕು ಗಟ್ಟಿಯಾದದ್ದು ನಿಜ, ಆದರೂ ಇಡೀ ಸ್ಟಡ್ ತಿರುಚಿ ಮುರಿದ ಕಡೆ ಅದರರ್ಧ ದಪ್ಪದ ಕಡ್ಡಿ ಗೆಲ್ಲಬೇಕು ಅಂತ ಕೇಳುತ್ತಿದ್ದೇವೆ. ಮೇಲಾಗಿ ಅದು ಮೊನೆಯಾಕಾರದ್ದು. ಒಳಗೆ ಇಳಿದಷ್ಟೂ ತೂತಾದ ಸ್ಟಡ್ಡನ್ನು ಹಿಗ್ಗಿಸಿ ಥ್ರೆಡ್ಡಿಗೇ ಒತ್ತುತ್ತದೆ. ಸಡಿಲ ಮಾಡಲು ಹೋಗಿ ಬಿಗಿ ಮಾಡಿದ ಹಾಗೆ.

ಅದು ಒಳಗೆ ಮುರಿದರಂತೂ ಕಥೆಯೇ ಬೇರೆ. ಮಾಮೂಲಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ, ಕೊರೆಯುವುದಿಲ್ಲ. ಬೇರೆ ಕಡೆ ಹಾಗೆ ಮುರಿದುಕೊಂಡು ನನ್ನ ಬಳಿ ಬಂದ ಗಾಡಿಗಳಿವೆ. ಅವಕ್ಕೆ ಕಾರ್ಬೈಡ್ ಬರ್ರ್ (ಉಕ್ಕನ್ನೂ ಅರೆಯುವ ಗಟ್ಟಿ ತಿರುಗು ಅರ) ಹಿಡಿದು ತುಣುಕು ತುಣುಕಾಗಿ ಉದುರಿಸಬೇಕು, ಇಲ್ಲವೇ ಹೆಡ್ ಇಳಿಸಬೇಕು. ಬಿಗಿ ಜಾಸ್ತಿಯಾಗಿ ಮುರಿದ ಬೋಲ್ಟ್‌ಗೆ ಈಸಿ-ಔಟ್ ಹಿಡಿಯಿರಿ, ಅಡ್ಡಿಯಿಲ್ಲ. ತುಕ್ಕು ಹಿಡಿದು ಮುರಿದದ್ದಕ್ಕೆ ಅದನ್ನು ಡಬ್ಬಿಯಿಂದ ಹೊರಗೇ ತೆಗೆಯಬೇಡಿ.

ಎಡಮುರಿ ಡ್ರಿಲ್ ಬಿಟ್ ಅದಕ್ಕಿಂತ ಎಷ್ಟೋ ವಾಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಮಿಕಮಿಕ ನೋಡುತ್ತಾರೆ, ಆನ್‌ಲೈನ್‌ನಲ್ಲೇ ತರಿಸಬೇಕು. ಡ್ರಿಲ್ ಮೆಷಿನ್ ರಿವರ್ಸ್ ತಿರುಗುವಂಥದ್ದಾಗಿರಬೇಕು. ಕೊರೆಯುವ ದಿಕ್ಕೂ ಬಿಚ್ಚುವ ದಿಕ್ಕೂ ಒಂದೇ ಆದ್ದರಿಂದ ಬಿಟ್ ಎಲ್ಲಿ ಕಚ್ಚಿದರೂ ಸ್ಟಡ್ ಹೊರಗೇ ಬರಬೇಕು. ಸಡಿಲವಾಗಿದ್ದ ಬೋಲ್ಟ್‌ಗಳು ಅರ್ಧ ಕೊರೆಯುವಷ್ಟರಲ್ಲಿ ಬಿಟ್ಟಿನ ಜೊತೆ ತಿರುಗಿಕೊಂಡು ಹೊರಬಂದಿವೆ. ಬರದಿದ್ದರೂ ನಷ್ಟವಿಲ್ಲ, ಹೇಗೂ ಕೊರೆಯಲೇಬೇಕಾದ ತೂತು ಸಿದ್ಧವಾಯಿತು.

ಕಷ್ಟ ಇರುವುದು ನಡುಮಧ್ಯ ಹಿಡಿಯುವುದರಲ್ಲಿ. ಮುರಿದ ಮುಖ ಏರುತಗ್ಗಾಗಿರುತ್ತದೆ, ಅಲ್ಯೂಮಿನಿಯಂ ಉಕ್ಕಿಗಿಂತ ಮೆತ್ತಗೆ, ಬಿಟ್‌ಗೆ ಮೆತ್ತಗಿನ ಕಡೆಯೇ ಇಷ್ಟ. ಒಮ್ಮೆ ಆ ಕಡೆ ವಾಲಿದರೆ ವಾಪಸ್ ತರುವುದು ಕಷ್ಟ. ಮುಖವನ್ನು ಅರದಿಂದ ಸಮ ಮಾಡಿ, ಸೆಂಟರ್ ಪಂಚ್ ಹೊಡೆದು, 3 ಎಂಎಂನಿಂದ ನಿಧಾನ ವೇಗದಲ್ಲಿ ಎಣ್ಣೆ ಬಿಡುತ್ತಾ ಶುರು ಮಾಡಬೇಕು. ನಾನು ಲೇತ್‌ನವರ ಹತ್ತಿರ ಹೊರಗೆ 6.6, ಒಳಗೆ 4 ಎಂಎಂ ಇರುವ ಚಿಕ್ಕ ಬುಷ್ (ಕೊಳವೆ) ಮಾಡಿಸಿಟ್ಟುಕೊಂಡಿದ್ದೇನೆ. ಸ್ಟಡ್ ಒಳಗೆ ತಗ್ಗಿ ಮುರಿದಿದ್ದರೆ ಬುಷ್ಷನ್ನು ತೂತಿನ ಬಾಯಿಗೆ ಕೂರಿಸಿ 4ರ ಬಿಟ್ಟಿನಿಂದಲೇ ಶುರು. ಬಿಟ್ ಆಚೀಚೆ ಸರಿಯುವುದಿಲ್ಲ.

ಈಗ ನನ್ನ ಮೆಚ್ಚಿನದು: ನಟ್ ವೆಲ್ಡಿಂಗ್. ಕಚ್ಚಿಕೊಂಡ ಸ್ಟಡ್‌ಗೆ ಇದರ ಮುಂದೆ ಉಳಿದದ್ದೆಲ್ಲ ಸಪ್ಪೆ. ಬೋಲ್ಟ್ ಮುಖದ ಮೇಲೆ ನಟ್ ಇಟ್ಟು, ನಟ್ಟಿನ ತೂತಿನೊಳಗಿಂದ ವೆಲ್ಡ್ ತುಂಬಿಸುವುದು. ಹಿಡಿಯಲು ಹೊಸ ತಲೆ ಸಿಗುತ್ತದೆ ಅನ್ನುವುದು ಅರ್ಧ ಲಾಭ ಮಾತ್ರ. ಇನ್ನರ್ಧ ಶಾಖದ್ದು. ಸ್ಟಡ್ ಕೆಂಪಗೆ ಕಾದು ಹಿಗ್ಗಲು ನೋಡುತ್ತದೆ, ಸುತ್ತಲಿನ ಅಲ್ಯೂಮಿನಿಯಂ ಬಿಡುವುದಿಲ್ಲ, ನಡುವೆ ಸಿಕ್ಕ ಬಿಳಿ ಪುಡಿ ನುಚ್ಚಾಗುತ್ತದೆ. ಆರಿದಾಗ ಸ್ಟಡ್ ಕುಗ್ಗಿ ಸಂದಿ ಬಿಡುತ್ತದೆ. ಹೆಡ್‌ನ ಥ್ರೆಡ್ಡಿಗೂ ಭಯವಿಲ್ಲ, ಉಕ್ಕಿನ ವೆಲ್ಡಿಂಗ್ ವೈರ್ ಅಲ್ಯೂಮಿನಿಯಂಗೆ ಸರಿಯಾಗಿ ಅಂಟುವುದೇ ಇಲ್ಲ.

ಮಿಗ್ ವೆಲ್ಡಿಂಗ್ (ಮೆಷಿನ್ನೇ ವೈರ್ ಬಿಡುವಂಥದ್ದು) ಇದ್ದರೆ ಅದೇ ಮೇಲು. ಬರೀ ಆರ್ಕ್ ಮೆಷಿನ್ ಇದ್ದರೆ 2.5 ಎಂಎಂ ರಾಡ್ ಹಿಡಿಯಿರಿ, 3.15 ಆ ತೂತಿಗೆ ದಪ್ಪವಾಯಿತು. ಸ್ಟಡ್ ಹೆಡ್‌ಗೆ ಸಮವಾಗಿ ಮುರಿದಿದ್ದರೆ 8ರ ನಟ್ಟನ್ನೇ ಇಡುತ್ತೇನೆ. 10ರದು ಇಟ್ಟರೆ ಚೂರು ಸರಿದರೂ ಆರ್ಕ್ ಹೆಡ್‌ಗೆ ತಾಗುತ್ತದೆ. ಮೊದಲು ಸ್ಟಡ್ಡಿನ ಮಧ್ಯಕ್ಕೆ ತಾಗಿಸಿ ಅಲ್ಲೊಂದು ಕೆಂಪು ಕೆರೆ ಕಟ್ಟಲಿ, ಆಮೇಲೆ ನಟ್ಟಿನ ಗೋಡೆಗೆ ಬನ್ನಿ. ಗೋಡೆಯಿಂದ ಶುರು ಮಾಡಿದವರ ನಟ್ ಚಂದವಾಗಿ ಒಂಟಿಯಾಗಿ ಕೈಗೆ ಬರುತ್ತದೆ. ಕೆಂಪು ಪೂರ್ತಿ ಹೋದ ಮೇಲೆ ಬುಡಕ್ಕೆ ಮೇಣದಬತ್ತಿ ತಾಗಿಸಿ, ಕರಗಿ ಥ್ರೆಡ್ಡಿಗೆ ಇಳಿಯುತ್ತದೆ. ಸ್ಪ್ಯಾನರ್ ಹಾಕಿ ಒಂದೇ ಸಮ ಬಿಚ್ಚಲು ಹೋಗಬೇಡಿ. ಚೂರು ಬಿಗಿಮಾಡಿ, ಚೂರು ಬಿಚ್ಚಿ. ಕಿರ್ ಅಂತ ಒಣ ಸದ್ದು ಬಂದರೆ ಅರ್ಧ ಗೆದ್ದಿರಿ. ವೆಲ್ಡ್ ಕಿತ್ತುಬಂದರೆ ಇನ್ನೊಂದು ನಟ್ ಇಡಿ, ಪ್ರತಿ ಸಲದ ಕಾವೂ ಸ್ಟಡ್ಡನ್ನು ಇನ್ನಷ್ಟು ಸಡಿಲಿಸುತ್ತದೆ.

ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ನೆಗೆಟಿವ್ ಬಿಚ್ಚಲೇಬೇಕು. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ಇರುವ) ಗಾಡಿಯಾದರೆ ಇಂಜಿನ್ ಕಂಪ್ಯೂಟರ್ ಆದ ಇಸಿಎಂನ ಕಪ್ಲರನ್ನೂ ತೆಗೆಯಿರಿ, ಅರ್ಥ್ ಕ್ಲಾಂಪ್ ಹೆಡ್‌ಗೇ ಹತ್ತಿರ ಹಾಕಿ. ಪೆಟ್ರೋಲ್ ಪೈಪ್ ಒದ್ದೆ ಇರುವ ಗಾಡಿಗೆ ಕಿಡಿ ತೋರಿಸುವ ಕೆಲಸ ಬೇಡವೇ ಬೇಡ.

ಎಣ್ಣೆ, ಬೆಂಕಿಗಳನ್ನು ನಾನು ಬೇರೆ ಉಪಾಯ ಅಂತ ಎಣಿಸುವುದಿಲ್ಲ, ಅವು ಎಲ್ಲದರ ಮುಂಚಿನ ತಯಾರಿ. ಡಬ್ಲ್ಯೂಡಿ-40ರ ಮಾಮೂಲಿ ಡಬ್ಬಿ ಮುಖ್ಯವಾಗಿ ನೀರು ಓಡಿಸಲು ಮಾಡಿದ್ದು. ಅಸಿಟೋನ್‌ಗೆ ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆಯಾದ ಎಟಿಎಫ್ ಅರ್ಧಕ್ಕರ್ಧ ಸೇರಿಸಿ ಕುಲುಕಿ ಬಿಟ್ಟರೆ ನನ್ನ ಅನುಭವದಲ್ಲಿ ಅದಕ್ಕಿಂತ ಚೆನ್ನಾಗಿ ಇಳಿಯುತ್ತದೆ. ಹಿಂದಿನ ರಾತ್ರಿಯೇ ಬಿಡಬೇಕು, ಬೆಂಕಿ ತೋರಿಸುವ ಮುಂಚೆ ಪೂರ್ತಿ ಆರಬೇಕು. ಗ್ಯಾಸ್ ಕಾವು ಕೊಡುವುದಾದರೆ ಸ್ಟಡ್‌ಗಲ್ಲ, ಸುತ್ತಲಿನ ಹೆಡ್‌ಗೆ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 150 ಡಿಗ್ರಿ ಏರಿಸಿದರೆ 8 ಎಂಎಂ ಸ್ಟಡ್ಡಿನ ಸುತ್ತ ಸಿಗುವ ಸಡಿಲ ಎಂಎಂನ ನೂರರಲ್ಲೊಂದು ಭಾಗಕ್ಕಿಂತ ತುಸು ಜಾಸ್ತಿ, ಅಷ್ಟೇ ಸಾಕಾಗುತ್ತದೆ. ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಸುವುದಿಲ್ಲ, ಸೀದಾ ಕರಗಿ ಬೀಳುತ್ತದೆ; ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ, ಹೆಡ್‌ನ ಮಿಶ್ರಲೋಹ ಅದಕ್ಕೂ ಮೊದಲೇ.

ಯಾವುದಕ್ಕೂ ಜಗ್ಗದಿದ್ದರೆ ಪೂರ್ತಿ ಕೊರೆಯುವುದೇ. ತೂತು ನಡುವಿಗೇ ಇದ್ದರೆ 6.8 ಎಂಎಂ ತನಕ ಕೊರೆದು, ಸುರುಳಿಯಾಗಿ ಉಳಿದ ಹಳೇ ಥ್ರೆಡ್ಡನ್ನು ಮೊನಚು ಕಡ್ಡಿಯಿಂದ ಎಳೆದು ತೆಗೆದು, 8ರ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಓಡಿಸಿದರೆ ಮೂಲ ಥ್ರೆಡ್ಡೇ ಉಳಿಯುತ್ತದೆ. ವಾಲಿದ್ದರೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಆಗಿ ಕೂರುವ ತಂತಿ ಸುರುಳಿ, ಹಾಕಿ. ಸ್ಟೇನ್‌ಲೆಸ್ ಸುರುಳಿ ಕೂತ ಥ್ರೆಡ್ ಬರೀ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಗಟ್ಟಿ, ಹಾಗಾಗಿ ಗಿರಾಕಿ ಮುಖ ಸಪ್ಪಗೆ ಮಾಡುವ ಕಾರಣವಿಲ್ಲ. ಲೇತ್‌ನವರು ಹಾಕಿಕೊಡುವ ದಪ್ಪ ಬುಷ್‌ಗೆ ತೂತು ಇನ್ನೂ ದೊಡ್ಡದು ಬೇಕು; ಪಕ್ಕದಲ್ಲೇ ನೀರಿನ ದಾರಿ ಇರುವ ಕಡೆ ನಾನು ಒಪ್ಪುವುದಿಲ್ಲ.

ಸ್ಪಾರ್ಕ್ ಎರೋಷನ್ ಅಂತ ಇನ್ನೊಂದಿದೆ. ತಾಮ್ರದ ಎಲೆಕ್ಟ್ರೋಡ್‌ನಿಂದ ಕಿಡಿ ಹಾರಿಸಿ ಮುರಿದ ಈಸಿ-ಔಟ್ಟನ್ನೂ ಕರಗಿಸಿ ತೆಗೆಯುತ್ತಾರೆ, ಥ್ರೆಡ್‌ಗೆ ಏನೂ ಆಗುವುದಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಮಾಡುವವರಿದ್ದಾರೆ. ಆದರೆ ಹೆಡ್ ಇಳಿಸಿ ಒಯ್ಯಬೇಕು, ಟೈಮಿಂಗ್ ಬೆಲ್ಟ್, ಹೊಸ ಹೆಡ್ ಗ್ಯಾಸ್ಕೆಟ್ ಎಲ್ಲ ಸೇರಿ ಖರ್ಚು ಏರುತ್ತದೆ. ಹಳೇ ಗಾಡಿಗೆ ಬೇರೆ ಹೆಡ್ ಹುಡುಕುವುದೇ ಸಲೀಸು.

ಬೀಡುಕಬ್ಬಿಣದ ಇಂಜಿನ್ ಬ್ಲಾಕಿನಲ್ಲಿ ಮುರಿದದ್ದಕ್ಕೆ ಈ ಕ್ರಮ ಚೂರು ಬದಲು. ಬೀಡಿಗೆ ವೆಲ್ಡಿಂಗ್ ಅಂಟಬಹುದು, ಬಿಸಿ ಹೆಚ್ಚಾದರೆ ಬಿರುಕೂ ಬರಬಹುದು. ನಟ್ ಬುಡಕ್ಕೆ ವಾಷರ್ ಇಡಲೇಬೇಕು. ಬಿಟ್ ಅಷ್ಟು ಸುಲಭವಾಗಿ ಪಕ್ಕಕ್ಕೆ ವಾಲುವುದಿಲ್ಲವಾದ್ದರಿಂದ ಅಲ್ಲಿ ನಾನು ಮೊದಲು ಎಡಮುರಿ ಬಿಟ್ ಹಿಡಿಯುತ್ತೇನೆ. ವಾಟರ್ ಪಂಪಿನ 6 ಎಂಎಂ ಬೋಲ್ಟ್‌ಗಳಿಗೆ ಈಸಿ-ಔಟ್ ಇನ್ನೂ ಸಣ್ಣದಾಗುತ್ತದೆ, ಅಲ್ಲಿ ಅದರ ಹೆಸರೇ ಬೇಡ. ಹೊಸ ಸ್ಟಡ್ ಹಾಕುವಾಗ ಥ್ರೆಡ್ಡಿಗೆ ಕಾಪರ್ ಗ್ರೀಸ್ ತೆಳ್ಳಗೆ ಸವರಿ, ಬಿಗಿಯನ್ನು ಒಣ ಥ್ರೆಡ್‌ನ ಲೆಕ್ಕಕ್ಕಿಂತ ಕೊಂಚ ಕಮ್ಮಿ ಇಡಿ.